ಫಾರ್ಮಲಿನ್ನಿಗೆ ಹಾಕದ ತುಂಡು

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಫಾರ್ಮಲಿನ್ ಎಂಬ ಘಾಟು ದ್ರವದಲ್ಲಿ ವರ್ಷಗಟ್ಟಲೆ ಕೈಯಾಡಿಸಿ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ಚರ್ಮ ಸುಲಿದು, ಬೆಳೆದು, ಮತ್ತೆ ಸುಲಿದು ಈರುಳ್ಳಿಯ ಒಳಪದರದಂತೆ ನುಣ್ಣಗಾಗಿಬಿಟ್ಟಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಹಾಜರಿ ಹಾಕುವ ಬೆರಳಚ್ಚಿನ ಯಂತ್ರ ದಿನಾ ಬೆಳಿಗ್ಗೆ ಅವರ ಮೇಲೆ ಕೆಂಪು ದೀಪ ಉರಿಸುತ್ತಿತ್ತು. ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುವರು, ಅದು ಮತ್ತೆ ಕೆಂಪಾಗುವುದು. ಹಿಂದೆ ಸಾಲು ನಿಂತ ನರ್ಸುಗಳು ಗೊಣಗುವರು. "ಇಡೀ ಆಸ್ಪತ್ರೆಗೆ ನಾನು ಗೊತ್ತು, ಇದಕ್ಕೊಂದಕ್ಕೆ ಮಾತ್ರ ನಾನು ಯಾರೋ" ಎಂದು ಹೇಳಿ ಅವರು ಚಪ್ಪಲಿ ಸದ್ದು ಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದರು.

ಅವರು ನಮ್ಮ ಆಸ್ಪತ್ರೆಯ ಪೆಥಾಲಜಿ ವೈದ್ಯೆ. ದೇಹದಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಯಾವುದೆಂದು ಹೇಳುವವರು. ನಾನು ಸ್ಕ್ಯಾನಿಂಗ್ ವಿಭಾಗದ ವೈದ್ಯೆ, ಆ ಚೂರನ್ನು ಸೂಜಿಯಿಂದ ತೆಗೆಯುವವಳು. ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇದ್ದ ಆ ಆಸ್ಪತ್ರೆಯಲ್ಲಿ ಅವರ ಲ್ಯಾಬು ನೆಲಮಾಳಿಗೆಯಲ್ಲಿತ್ತು, ನನ್ನ ಕೋಣೆ ಮೇಲಿನ ಮಹಡಿಯಲ್ಲಿ. ಎಲ್ಲರೂ ಅವರನ್ನು ಮೇಡಮ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ, ಕೊನೆಯವರೆಗೂ.

ಲಿವರ್ ಬಯಾಪ್ಸಿ ಎಂದರೆ ಹೊರಗಿನವರಿಗೆ ದೊಡ್ಡ ಆಪರೇಷನ್ ಎಂಬ ಭಾವನೆ. ಹಾಗೇನಿಲ್ಲ. ಪಕ್ಕೆಲುಬುಗಳ ನಡುವೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿನ ಪರದೆ ನೋಡಿಕೊಂಡು ಸೂಜಿಯನ್ನು ಒಳಗಿಳಿಸಿ, ಉಸಿರು ಬಿಗಿಹಿಡಿಯಲು ಹೇಳಿ ಗುಂಡಿ ಒತ್ತಬೇಕು. ಟಕ್ ಎಂದು ಸದ್ದಾಗುತ್ತದೆ. ಸೂಜಿಯ ತೋಡಿನಲ್ಲಿ ಒಂದು ಎಳೆ ಮಾಂಸ ಬಂದಿರುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಬೇರೆ ಕಡೆಗಳಲ್ಲಿ ಆ ಎಳೆಯನ್ನು ಫಾರ್ಮಲಿನ್ ಬಾಟಲಿಗೆ ಹಾಕಿ, ಮುಚ್ಚಳ ತಿರುಗಿಸಿ ಲ್ಯಾಬಿಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಎಷ್ಟೋ ದಿನ ಕಾದ ಮೇಲೆ "ತುಂಡು ಸಾಲದು, ಮತ್ತೆ ತೆಗೆಯಿರಿ" ಎಂಬ ವರದಿ ಬರುತ್ತದೆ. ಮೇಡಮ್‌ಗೆ ಈ ಪದ್ಧತಿ ಕಂಡರೆ ಮೈ ಉರಿಯುತ್ತಿತ್ತು. ಪ್ರತಿ ಬಯಾಪ್ಸಿಗೂ ತಾವೇ ಮೇಲೆ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ತುಂಡು ಸಾಕೋ ಸಾಲದೋ ಎಂದು ಸೂಜಿ ಕೈಯಲ್ಲಿರುವಾಗಲೇ ಹೇಳುತ್ತಿದ್ದರು. ಲ್ಯಾಬಿನ ಕೆಲಸ ಬಿಟ್ಟು ಅಲ್ಲಿ ಹೋಗಿ ನಿಲ್ಲುವುದೇಕೆ ಎಂದು ಆಡಳಿತದವರು ಕೇಳಿದಾಗ, "ಸಾಲದ ತುಂಡು ತೆಗೆದು ಆ ಮನುಷ್ಯನ್ನ ಮತ್ತೆ ಕರೆಸ್ತೀವಲ್ಲ, ಆಗ ಅವನ ಹತ್ರ ನೀವೇ ಮಾತಾಡ್ತೀರಾ?" ಎಂದರು.

ಅವರು ತರುತ್ತಿದ್ದ ಟ್ರೇನಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಉಪ್ಪುನೀರಿನ ಸಣ್ಣ ಸ್ಟೀಲ್ ಬಟ್ಟಲು, ಗಾಜಿನ ಪಟ್ಟಿಗಳು, ತಾವೇ ಕತ್ತರಿಸಿದ ಹೀರುಕಾಗದದ ಚೂರುಗಳು, ಎರಡು ಬಗೆಯ ಬಾಟಲಿ. ಬ್ಯಾಂಡೇಜ್ ಬಟ್ಟೆಯ ಮೇಲೆ ತುಂಡನ್ನು ಇಟ್ಟವರಿಗೆ ಬೈಗುಳ ಗ್ಯಾರಂಟಿ, ಅದು ನೂಲಿಗೆ ಸಿಕ್ಕಿ ಹರಿಯುತ್ತದೆ. ಚಿಮಟದಿಂದ ಹಿಡಿದವರಿಗೂ ಅಷ್ಟೇ. "ಚಿವುಟ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು, ಅದೇನು ಮಗು ಕೆನ್ನೆನಾ?" ಎನ್ನುವರು.

ನಾನು ಆ ಆಸ್ಪತ್ರೆ ಸೇರಿದ ಹೊಸತು. ಜೋಗುಪಾಳ್ಯದ ಒಬ್ಬ ಆಟೋ ಡ್ರೈವರ್, ಲಿವರಿನಲ್ಲಿ ಗಡ್ಡೆ. ನಾನು ತೆಗೆದ ಮೊದಲ ತುಂಡು ಎಲ್ಲೂ ಮುರಿಯದೆ ಉದ್ದಕ್ಕೆ, ಒಂದೇ ಸಮನಾದ ಕಂದುಬಣ್ಣದಲ್ಲಿ, ಶಾವಿಗೆ ಎಳೆಯಂತೆ ಬಂದಿತ್ತು. ನನಗೆ ಒಳಗೊಳಗೇ ಹೆಮ್ಮೆ. ಮೇಡಮ್ ಬಗ್ಗಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ನೋಡಿದರು.

"ತುಂಬಾ ಚೆನ್ನಾಗಿ ಬಂದಿದೆ. ಅದೇ ತೊಂದರೆ" ಎಂದರು.

ನನಗೆ ಅರ್ಥವಾಗಲಿಲ್ಲ. ಗಡ್ಡೆಯಿಂದ ಬಂದ ತುಂಡು ಇಷ್ಟು ನಯವಾಗಿ, ಇಷ್ಟು ಆರೋಗ್ಯದ ಬಣ್ಣದಲ್ಲಿ ಇರುವುದಿಲ್ಲ. ಬಿಳಿಚಿಕೊಂಡಿರುತ್ತದೆ, ಪುಡಿಯಾಗಿರುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ನನ್ನ ಸೂಜಿ ಗಡ್ಡೆಯ ಪಕ್ಕದ ಒಳ್ಳೆಯ ಲಿವರಿಗೆ ಹೋಗಿತ್ತು. ಆ ತುಂಡನ್ನೇ ಕಳಿಸಿದ್ದರೆ "ಏನೂ ದೋಷವಿಲ್ಲ" ಎಂದು ವರದಿ ಬರುತ್ತಿತ್ತು, ಆ ಮನುಷ್ಯ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದ, ಗಡ್ಡೆಯೂ ಅವನ ಜೊತೆಗೇ ಹೋಗುತ್ತಿತ್ತು. "ಚೆಂದ ನೋಡ್ಬೇಡ ಕಣಮ್ಮ, ಎಲ್ಲಿಂದ ಬಂತು ಅದನ್ನ ನೋಡು" ಎಂದರು.

ನಾನು ಈ ಮಾತುಕತೆಯನ್ನು ಪಿಸುದನಿಯಲ್ಲಿ ಮುಗಿಸಲು ನೋಡಿದೆ. ಅವರು ಬಿಡಲಿಲ್ಲ. ರೋಗಿಯ ಮುಂದೆ ಪಿಸುಗುಟ್ಟುವುದು ಅವರಿಗೆ ಆಗದು. ನೇರ ಅವನ ತಲೆಯ ಬಳಿ ಹೋಗಿ, "ಅಣ್ಣಾ, ಒಂದು ತುಂಡು ಬಂತು. ಆದ್ರೆ ಅದು ಪಕ್ಕದ ಜಾಗದ್ದು. ನಮಗೆ ಗಡ್ಡೆ ಒಳಗಿಂದೇ ಬೇಕು. ಇನ್ನೊಂದ್ಸಲ ಸೂಜಿ ಹಾಕ್ಬೇಕಾಗತ್ತೆ. ಹಾಕ್ಲಾ, ಸ್ವಲ್ಪ ಸುಧಾರಿಸ್ಕೊಳ್ತೀರಾ?" ಎಂದು ಕೇಳಿದರು.

"ಹಾಕಿ ಮೇಡಮ್, ಬಂದಿದ್ದಾಯ್ತಲ್ಲ" ಎಂದ ಅವನು.

ಎರಡನೆಯದು ಕೊಳಕಾಗಿ, ಚೂರುಚೂರಾಗಿ ಬಂತು. ಮೇಡಮ್ ತಲೆಯಾಡಿಸಿದರು. ಅದು ಏನಿರಬಹುದು ಎಂದು ನಾನು ಕಣ್ಣಲ್ಲೇ ಕೇಳಿದರೆ ಉತ್ತರ ಕೊಡಲಿಲ್ಲ. ಅದೂ ಅವರ ಕಟ್ಟುನಿಟ್ಟು. ಟ್ರೇ ಮುಂದೆ ನಿಂತಾಗ ಹೇಳಬೇಕಾದ್ದು ತುಂಡು ಸಾಕೇ ಎಂಬುದನ್ನು ಮಾತ್ರ. ಕಾಯಿಲೆ ಏನೆಂದು ಹೇಳುವ ಜಾಗ ನೆಲಮಾಳಿಗೆ. ಬರಿಗಣ್ಣಲ್ಲಿ ನೋಡಿ ಭವಿಷ್ಯ ನುಡಿಯುವ ವೈದ್ಯರನ್ನು ಅವರು ಗಿಣಿಶಾಸ್ತ್ರದವರು ಎಂದು ಕರೆಯುತ್ತಿದ್ದರು. ಆ ಪಟ್ಟಿಯಲ್ಲಿ ಆಸ್ಪತ್ರೆಯ ದೊಡ್ಡ ಸರ್ಜನ್ನರೂ ಇದ್ದರು.

ಇನ್ನು ಆ ಎರಡನೆಯ ಬಗೆಯ ಬಾಟಲಿಯ ವಿಚಾರ. ಅದರಲ್ಲಿ ಫಾರ್ಮಲಿನ್ ಇರುತ್ತಿರಲಿಲ್ಲ, ಬರೀ ಉಪ್ಪುನೀರು. ತುಂಡಿನಲ್ಲಿ ಸ್ವಲ್ಪವನ್ನು ಅವರು ಯಾವಾಗಲೂ ಅದರಲ್ಲಿ ಬೇರೆ ಇಡುತ್ತಿದ್ದರು. ಹೆಚ್ಚಿನ ಸಲ ಅದು ಯಾತಕ್ಕೂ ಬೇಕಾಗದೆ ಕೊನೆಗೆ ಎಸೆಯುವುದೇ ಆಗುತ್ತಿತ್ತು. ಲ್ಯಾಬಿನವರು ಬೆನ್ನ ಹಿಂದೆ ನಗುತ್ತಿದ್ದರು. ಅಷ್ಟು ಕಷ್ಟಪಟ್ಟು ತೆಗೆದದ್ದನ್ನು ಹಾಳು ಮಾಡುತ್ತೀರಲ್ಲ ಎಂದು ನಾನೂ ಒಮ್ಮೆ ಕೇಳಿದೆ. "ಫಾರ್ಮಲಿನ್ ಅಂದ್ರೆ ಉಪ್ಪಿನಕಾಯಿ ಹಾಕಿದ ಹಾಗೆ. ಕೆಡಲ್ಲ, ನಿಜ. ಆದ್ರೆ ಉಪ್ಪಿನಕಾಯಿ ಹಾಕಿದ ಮಾವಿನ ವಾಟೆ ನೆಟ್ರೆ ಮೊಳಕೆ ಬರತ್ತಾ? ಒಳಗೆ ಏನಾದ್ರೂ ಜೀವ ಇದ್ರೆ ಅದೂ ಸತ್ತೋಗಿರತ್ತೆ. ಆಮೇಲೆ ಹುಡುಕಿದ್ರೆ ಎಲ್ಲಿ ಸಿಗತ್ತೆ?" ಎಂದರು. ನಾನು ಹೂಂ ಎಂದೆ. ನನಗೆ ಆಗ ಅದು ಹಳೆ ಕಾಲದವರ ಹಟ ಎನ್ನಿಸಿತ್ತು.

ಕೆಲಸದಾಚೆ ಅವರು ಬೇರೆಯೇ ಹೆಂಗಸು. ಒಮ್ಮೆ ಶಿವಾಜಿನಗರದಲ್ಲಿ ಒಟ್ಟಿಗೆ ಬಸ್ಸಿಳಿದು ಮಾರ್ಕೆಟ್ಟಿಗೆ ಹೋದೆವು. ಟೊಮೇಟೊ ರಾಶಿಯ ಮುಂದೆ ನಿಂತು ಬ್ಯಾಗನ್ನು ಅಂಗಡಿಯವರಿಗೇ ಕೊಟ್ಟು, "ನೀವೇ ಹಾಕಿ ಭಾಯ್" ಎಂದರು. "ದೇಖ್ ಕೇ ಲೇವ್ ನಾ ಮೇಡಮ್, ನೋಡಿ ತಗೊಳ್ಳಿ, ಆಮೇಲೆ ನನ್ಗೆ ಹೇಳ್ಬೇಡಿ" ಎಂದು ಆತ ನಕ್ಕ. "ಬೆಳಗಿಂದ ಆರಿಸಿ ಆರಿಸಿ ಸಾಕಾಗಿದೆ ಭಾಯ್, ಇದನ್ನೂ ನಾನೇ ನೋಡ್ಲಾ?" ಎಂದರು. ಆತ ಒಳ್ಳೆಯದನ್ನೂ ಮೆತ್ತಗಾದದ್ದನ್ನೂ ಬೆರೆಸಿ ಹಾಕಿದ. ಅವರು ಒಂದನ್ನೂ ಮುಟ್ಟಿ ನೋಡದೆ ತೆಗೆದುಕೊಂಡರು.

ಕೆ.ಆರ್. ಪುರದ ಆಚೆ, ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಡುವೆ ಹಳ್ಳಿಯಾಗಿಯೇ ಉಳಿದ ಒಂದು ಕೇರಿ ಅವರದು. ಮದುವೆಯಾಗಿರಲಿಲ್ಲ, ತಂಗಿಯ ಸಂಸಾರದ ಜೊತೆ ಇದ್ದರು. ಬೌದ್ಧರ ಮನೆ. ಭಾನುವಾರ ಬಿಳಿ ಸೀರೆ ಉಟ್ಟು ಬುದ್ಧ ವಿಹಾರಕ್ಕೆ ಹೋಗುವರು. ಬಯಾಪ್ಸಿಗೆ ರಾಹುಕಾಲ ಬೇಡ ಎಂದು ಹಟ ಮಾಡುವ ಮನೆಯವರು ನಮ್ಮಲ್ಲಿ ಬಹಳ. ನಾನು ಸಿಡುಕುತ್ತಿದ್ದೆ. ಅವರಿಗೆ ರಾಹುಕಾಲದಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ, ಆದರೂ "ನಿಮ್ಗೆ ಧೈರ್ಯ ಬರೋ ಹೊತ್ತಿಗೆ ಬನ್ನಿ, ನಾನು ಇಲ್ಲೇ ಇರ್ತೀನಿ" ಎನ್ನುತ್ತಿದ್ದರು.

ಹೀಗಿರುವಾಗ ನನ್ನ ತಮ್ಮ ಕಾಯಿಲೆ ಬಿದ್ದ. ಶಿವಾಜಿನಗರದಲ್ಲಿ ಆಟದ ಸಾಮಾನಿನ ಅಂಗಡಿ ಅವನದು. ಬ್ಯಾಡ್ಮಿಂಟನ್ ರಾಕೆಟ್ಟಿಗೆ ತಂತಿ ಬಿಗಿಯುವುದರಲ್ಲಿ ಅವನ ಕೈ ಹಿಡಿಯುವವರಿಲ್ಲ. ಮೊದಲು ಸಂಜೆ ಹೊತ್ತು ಜ್ವರ, ಆಮೇಲೆ ಊಟ ಸೇರದು, ಆಮೇಲೆ ಪ್ಯಾಂಟು ಸೊಂಟದಲ್ಲಿ ನಿಲ್ಲದು. ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ದಿನ ರಾಕೆಟ್ಟಿನ ತಂತಿ ಎಳೆಯಲು ಕೈಯಲ್ಲಿ ಶಕ್ತಿಯಿಲ್ಲವೆಂದು ಅಂಗಡಿ ಅರ್ಧಕ್ಕೆ ಮುಚ್ಚಿ ಬಂದ. ನಾನೇ ಸ್ಕ್ಯಾನ್ ಮಾಡಿದೆ. ಲಿವರಿನಲ್ಲಿ ದೊಡ್ಡ ಗಡ್ಡೆ. ಪರದೆಯ ಮೇಲೆ ಅದನ್ನು ನೋಡುತ್ತ ಅಳತೆ ತೆಗೆದೆ, ಫೋಟೊ ಸೇವ್ ಮಾಡಿದೆ, ಹೊಟ್ಟೆಯ ಮೇಲಿನ ಜೆಲ್ ಒರೆಸಲು ಅವನಿಗೆ ಟಿಶ್ಯೂ ಕೊಟ್ಟೆ. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಗೊತ್ತಿತ್ತು, ಅಷ್ಟೇ. ನೋಡಿದ ವೈದ್ಯರೆಲ್ಲ ಕ್ಯಾನ್ಸರ್ ಎಂದೇ ಬರೆದರು.

ರಕ್ತಸಂಬಂಧಿಗೆ ನಾವೇ ಸೂಜಿ ಹಾಕುವ ರೂಢಿ ನಮ್ಮಲ್ಲಿಲ್ಲ. ನನ್ನ ಜೊತೆಯ ವೈದ್ಯರು ಹಾಕಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಮೇಡಮ್ ತಮ್ಮ ಟ್ರೇ ಹಿಡಿದು ಬಂದರು. ಟಕ್ ಎಂದಿತು. ಮೊದಲ ತುಂಡು ಬಟ್ಟಲಿಗೆ ಬಿತ್ತು. ಉದ್ದವಾಗಿತ್ತು, ಕಂದಾಗಿತ್ತು, ಎಲ್ಲೂ ಮುರಿದಿರಲಿಲ್ಲ.

ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನನ್ನ ಬಾಯಿ, "ಸಾಕು ಮೇಡಮ್. ಚೆನ್ನಾಗಿದೆಯಲ್ಲ. ಇದನ್ನೇ ಕಳಿಸೋಣ" ಎಂದಿತು. ಏನೂ ಹೇಳದ ಒಂದು ವರದಿ ಬರಲಿ, ಕೆಲವು ವಾರವಾದರೂ ಮನೆಯಲ್ಲಿ ಅಡುಗೆಯಾಗಲಿ, ಅಮ್ಮ ನಿದ್ದೆ ಮಾಡಲಿ. ನನಗೆ ಬೇಕಾಗಿದ್ದು ಅಷ್ಟೇ.

ಮೇಡಮ್ ಟ್ರೇ ಕೆಳಗಿಟ್ಟರು. ತಮ್ಮನ ತಲೆಯ ಬಳಿ ಹೋದರು. "ಅಪ್ಪಾ, ಈಗ ಬಂದಿದ್ದು ಒಳ್ಳೆ ಜಾಗದ್ದು. ಗಡ್ಡೆದಲ್ಲ. ನಿಮ್ಮಕ್ಕ ಸಾಕು ಅಂತಿದಾಳೆ. ನಾನು ಸಾಲ್ದು ಅಂತೀನಿ. ಮೈ ನಿಮ್ದು, ನೀವು ಹೇಳಿ."

ಅವನು ಚಾವಣಿ ನೋಡುತ್ತಲೇ, "ಹಾಕಿ ಮೇಡಮ್. ಅವಳು ಚಿಕ್ಕೋಳಿದ್ದಾಗಿಂದಾನೂ ಪುಕ್ಕಲಿ" ಎಂದ.

ಎರಡನೆಯದು ಬಂತು. ಒಣಗಿದ ಗಿಣ್ಣಿನಂತೆ ಬೆಳ್ಳಗೆ, ಪುಡಿಪುಡಿ. ನಾನು ದೂರದಿಂದಲೇ ಆ ಬಣ್ಣ ನೋಡಿದೆ, ಮುಗಿಯಿತು ಎಂದುಕೊಂಡೆ. ಕ್ಯಾನ್ಸರೇ, ಇನ್ನು ಸಂಶಯವಿಲ್ಲ. ನಾನೂ ಗಿಣಿಶಾಸ್ತ್ರ ಹೇಳುವವಳಾಗಿದ್ದೆ. ಅಮ್ಮನಿಗೆ ಯಾವ ಮಾತಿನಿಂದ ಶುರುಮಾಡಿ ಹೇಳುವುದು ಎಂದು ನಿಂತಲ್ಲೇ ಜೋಡಿಸತೊಡಗಿದೆ.

"ಇದು ಗಡ್ಡೆ ನಡುವಿನ ಸತ್ತ ಭಾಗ" ಎಂದರು ಮೇಡಮ್, ಸೂಜಿ ಹಿಡಿದಿದ್ದ ವೈದ್ಯರಿಗೆ. "ಇದೊಂದರಲ್ಲೇ ಏನೂ ಗೊತ್ತಾಗಲ್ಲ. ಗಡ್ಡೆ ಅಂಚಿಂದ ಇನ್ನೊಂದು ಕೊಡಿ." ಹಾಗೆಂದು ಆ ಪುಡಿಯನ್ನು ಅವರು ಬಿಸಾಡಲಿಲ್ಲ. ಸೂಜಿಯ ಮೊನೆಯಿಂದ ಎತ್ತಿ ಉಪ್ಪುನೀರಿನ ಬಾಟಲಿಗೆ ಬಿಟ್ಟರು.

"ಮೇಡಮ್, ಕ್ಯಾನ್ಸರ್ ಅಂತಾನೇ ಕಳಿಸಿರೋದು. ಎಲ್ಲಾ ಫಾರ್ಮಲಿನ್‌ಗೇ ಹಾಕಿದ್ರೆ ನಿಮಗೇ ಒಳ್ಳೇದಲ್ವಾ, ಇರೋದೇ ಇಷ್ಟು" ಎಂದರು ವೈದ್ಯರು.

"ಕಳಿಸಿದೋರು ಒಳಗೆ ಹೋಗಿ ನೋಡ್ಕೊಂಡು ಬಂದಿಲ್ಲ" ಎಂದು ಮುಚ್ಚಳ ತಿರುಗಿಸಿದರು. ಆಗ ನನ್ನ ಕಡೆ ತಿರುಗಿ, "ನೀನ್ಯಾಕಮ್ಮ ಟ್ರೇ ನೋಡ್ತಾ ನಿಂತಿದೀಯ? ಇವತ್ತು ನೀನು ಡಾಕ್ಟರ್ ಅಲ್ಲ. ಹೋಗು, ತಮ್ಮನ ಕೈ ಹಿಡ್ಕೋ" ಎಂದರು. ಹೋಗಿ ಹಿಡಿದುಕೊಂಡೆ. ಅವನ ಕೈ ಬೆಚ್ಚಗಿತ್ತು. ಮೂರನೆಯ ಸಲ ಟಕ್ ಎಂದಿತು. ಮೇಡಮ್ ಬಗ್ಗಿ ನೋಡಿ, "ಸಾಕು" ಎಂದರು.

ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿಂದೆ. ಬಸುರಿಯರಿಗೆ ಸ್ಕ್ಯಾನ್ ಮಾಡಿ, ಮಗುವಿನ ಎದೆಬಡಿತ ಕೇಳಿಸಿದೆ. ಅವರು ಅಳುತ್ತ ನಗುತ್ತಿದ್ದರು, ನಾನು ಮುಂದಿನವರನ್ನು ಕರೆಯಿರಿ ಎಂದೆ. ಸಂಜೆ ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಏನಂದ್ರು?"

"ತುಂಡು ಸಾಕಷ್ಟು ಬಂದಿದೆಯಂತೆ."

"ಸಾಕಷ್ಟು ಅಂದ್ರೆ?"

"ಸಾಕಷ್ಟು ಅಂದ್ರೆ ಸಾಕಷ್ಟು ಅಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು. ಅಲ್ಲಿ ಓದಲು ಏನೂ ಇರಲಿಲ್ಲ. ಸಾರು ಬಿಸಿಮಾಡಲು ಒಳಗೆ ಹೋದಳು. ವರದಿಗೆ ಕಾದ ಆ ದಿನಗಳ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಉಳಿದಿಲ್ಲ. ಹಲ್ಲು ತೆಗೆಸಿಕೊಂಡ ಮೇಲೆ ತುಟಿ ಮುಟ್ಟಿಕೊಂಡರೆ ಬೇರೆಯವರ ತುಟಿ ಅನ್ನಿಸುತ್ತದಲ್ಲ, ನಾನು ಇಡಿಯಾಗಿ ಹಾಗಿದ್ದೆ.

ಮೇಡಮ್ ಫೋನ್ ಮಾಡಲಿಲ್ಲ, ತಾವೇ ಮೆಟ್ಟಿಲು ಹತ್ತಿ ಬಂದರು. ಕಾರಿಡಾರಿನಲ್ಲಿ ಚಪ್ಪಲಿ ಸದ್ದು ಕೇಳಿ ಎದ್ದು ಹೊರಗೆ ಬಂದೆ.

"ಟಿಬಿ ಕಣಮ್ಮ" ಎಂದರು. "ಲಿವರಲ್ಲಿ ಟಿಬಿ. ಅಪರೂಪ, ಆದ್ರೆ ಬರತ್ತೆ. ಅಂಚಿನ ತುಂಡಲ್ಲಿ ನನಗೆ ಅನುಮಾನ ಬಂತು. ಬರೀ ಅನುಮಾನ. ಉಪ್ಪುನೀರಲ್ಲಿ ಬೇರೆ ಇಟ್ಟಿದ್ನಲ್ಲ, ಅದನ್ನ ಪರೀಕ್ಷೆ ಮಾಡ್ಸಿದ್ರೆ ಅದರಲ್ಲಿ ಕ್ರಿಮಿ ಸಿಕ್ತು. ಯಾವ ಮಾತ್ರೆಗೆ ಬಗ್ಗತ್ತೆ ಅಂತಾನೂ ಗೊತ್ತಾಗಿದೆ. ವಾಸಿಯಾಗತ್ತೆ."

"ಸರಿ ಮೇಡಮ್" ಎಂದೆ.

"ಏನೇ, ನಗೋದಿಲ್ವಾ?"

"ಬರ್ತಿಲ್ಲ ಮೇಡಮ್."

"ಸರಿ ಬಿಡು. ಬಂದಾಗ ನಗು" ಎಂದು ನನ್ನ ಭುಜ ತಟ್ಟಿ ಇಳಿದು ಹೋದರು. ಅವರಿಗೆ ಥ್ಯಾಂಕ್ಸ್ ಹೇಳಬೇಕೆಂದು ಹೊಳೆಯುವಷ್ಟರಲ್ಲಿ ಅವರು ನೆಲಮಾಳಿಗೆ ತಲುಪಿರಬೇಕು. ಆಮೇಲೆ ಹೇಳಲು ಸಮಯ ಬೇಕಾದಷ್ಟಿತ್ತು. ಪ್ರತಿ ಸಲವೂ ಆ ಮಾತು ಸಣ್ಣದೆನಿಸಿತು. ಹೇಳಲೇ ಇಲ್ಲ.

ತಮ್ಮ ತಿಂಗಳುಗಟ್ಟಲೆ ಮಾತ್ರೆ ನುಂಗಿದ, ಅಮ್ಮನನ್ನು ಬೈದ, ತೂಕ ಹೆಚ್ಚಿಸಿಕೊಂಡ, ಅಂಗಡಿ ತೆರೆದ. ಮೇಡಮ್ ನಿವೃತ್ತರಾದರು. ನಾನು ಕೆಲಸ ಮಾಡುತ್ತ ಹೋದೆ. ನಗು ಬಂತೇ ಎಂದರೆ, ಮದುವೆ ಮುಂಜಿಗಳಲ್ಲಿ ನಗುವಷ್ಟು ಬಂತು.

ಮೇಡಮ್ ತೀರಿಹೋದ ಸುದ್ದಿಯನ್ನು ಅವರ ತಂಗಿ ಫೋನಿನಲ್ಲಿ ಹೇಳಿದರು. ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ನಾನು "ಬರ್ತೀನಿ" ಎಂದು ಫೋನ್ ಇಟ್ಟು, ಕಾಯುತ್ತಿದ್ದ ರೋಗಿಯ ಕೆಲಸ ಮುಗಿಸಿದೆ. ಮತ್ತೆ ಅದೇ, ಏನೂ ಅನ್ನಿಸಲಿಲ್ಲ. ತಮ್ಮನಿಗೆ ಹೇಳಿದೆ, ಅವನು ಅಂಗಡಿ ಮುಚ್ಚಿ ಬಂದ. ಮೆಟ್ರೋದಲ್ಲಿ ಕೆ.ಆರ್. ಪುರಕ್ಕೆ ಹೋದೆವು.

ಅಂಗಳದಲ್ಲಿ ಬಿಳಿ ಬಟ್ಟೆಯ ಜನ. ಬೌದ್ಧ ಭಿಕ್ಷು ಭಂತೇಜಿಯೊಬ್ಬರು ಪಾಲಿ ಭಾಷೆಯಲ್ಲಿ ಪಠಿಸುತ್ತಿದ್ದರು. ಬಿಳಿ ಸೀರೆಯಲ್ಲಿ ಮಲಗಿಸಿದ್ದ ಮೇಡಮ್ ಚಿಕ್ಕದಾಗಿ ಕಂಡರು. ನಾನು ಕೈಮುಗಿದೆ, ಹೂವು ಹಾಕಿದೆ, ಬದಿಗೆ ಸರಿದು ನಿಂತೆ. ನನ್ನ ಪಕ್ಕದಲ್ಲಿ ಯಾರೋ ಬಿಕ್ಕುತ್ತಿದ್ದರು, ಅವರಿಗೆ ನೀರು ತಂದುಕೊಟ್ಟೆ.

ಸ್ಮಶಾನ ಊರಿನ ಹಿಂದೆಯೇ, ನಡೆಯುವಷ್ಟು ದೂರ. ವ್ಯಾನು ಬೇಡ, ಹೊತ್ತುಕೊಂಡೇ ಹೋಗೋಣ ಎಂದು ಹಿರಿಯರು ಹೇಳಿದರು. ಚಟ್ಟ ಎತ್ತುವಾಗ ಒಬ್ಬರು ಕಡಿಮೆ ಬಿದ್ದರು. "ಯಾರಾದ್ರೂ ಒಬ್ರು ಹೆಗಲು ಕೊಡ್ರಪ್ಪ" ಎಂದು ಅವರ ತಂಗಿ ಸುತ್ತ ನೋಡಿದರು. ನನ್ನ ತಮ್ಮ ಚಪ್ಪಲಿ ಬಿಟ್ಟು ಮುಂದೆ ಹೋದ. ಅವನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ.

ನಾನು ಹೆಂಗಸರ ಜೊತೆ ಹಿಂದೆ ನಡೆದೆ. ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಕ್ಯಾಬುಗಳು ನಿಂತು ದಾರಿ ಬಿಟ್ಟವು. ಬಿಸಿಲಿತ್ತು, ದಾರಿ ಸ್ವಲ್ಪ ಏರಾಗಿತ್ತು. ಒಂದು ಕಾಲಕ್ಕೆ ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಿದ್ದ ಹುಡುಗನ ಬೆನ್ನನ್ನೇ ನೋಡುತ್ತಿದ್ದೆ. ಅಂಗಿ ಬೆವರಿಗೆ ಅಂಟಿತ್ತು. ಹೆಗಲು ಅಲುಗುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಊರಿನವನೊಬ್ಬ ಪಕ್ಕಕ್ಕೆ ಬಂದು, "ಬಿಡು ಗುರು, ಸುಸ್ತಾಗಿರತ್ತೆ, ನಾನು ಹಿಡ್ಕೋತೀನಿ" ಎಂದ.

"ಬೇಡ ಅಣ್ಣ, ನಂಗೆ ಆಗತ್ತೆ" ಎಂದ ತಮ್ಮ.

ಆಗ ನನಗೆ ಅಳು ಬಂತು. ಇಷ್ಟು ವರ್ಷ ಎಲ್ಲಿತ್ತೋ, ಕಾಲು ಮುಂದಿಡಲು ಬಿಡದಂತೆ ಬಂತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಮುಂದೆ ಹೋಗುತ್ತಿದ್ದವರು ತಿರುಗಿ ನೋಡಿದರು. ತಮ್ಮ ತಿರುಗಲಿಲ್ಲ, ಮೇಡಮ್ ಅವರನ್ನು ಹೊತ್ತುಕೊಂಡು ಏರು ಹತ್ತುತ್ತಿದ್ದ.